'ಮೀಟ್ ಯುವರ್‌ಸೆಲ್ಫ್' ನೋಡಿದವರು ಯಾರಾದರೂ ಇದ್ದೀರಾ? ಸ್ವಲ್ಪ ಮಾತಾಡೋಣ

ತುಂಗಾ ತೀರ
ಹೋದ ವಾರ 'ಮೀಟ್ ಯುವರ್‌ಸೆಲ್ಫ್' ಮುಗಿಸಿದೆ. 40 ಕಂತು, ಒಂದೊಂದೂ ಹತ್ತಿರ ಹತ್ತಿರ ಮುಕ್ಕಾಲು ಗಂಟೆ. ಮುಗಿದ ಮೇಲೆ ಎರಡು ದಿನ ಬೇರೆ ಏನೂ ನೋಡಲು ಮನಸ್ಸಾಗಲಿಲ್ಲ. ಮನೆಯಲ್ಲಿ ಚೀನೀ ಧಾರಾವಾಹಿ ನೋಡುವವರು ನಾನೊಬ್ಬಳೇ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಇದು 2023ರ ಜನವರಿಯಲ್ಲಿ ಹುನಾನ್ ಟಿವಿಯಲ್ಲಿ ಬಂದದ್ದು. ಚೀನೀ ಹೆಸರಿನ ಅರ್ಥ 'ಗಾಳಿ ಇರುವಲ್ಲಿಗೆ ಹೋಗು' ಅಂತ. ಶೂ ಹೊಂಗ್‌ದೋ ಬೀಜಿಂಗಿನ ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡುವವಳು. ಅವಳ ಜೀವದ ಗೆಳತಿ ನಾನ್‌ಶಿಂಗ್ ಕ್ಯಾನ್ಸರ್ ಬಂದು ತೀರಿಕೊಳ್ಳುತ್ತಾಳೆ. ಇಬ್ಬರೂ ಸೇರಿ ನೈರುತ್ಯ ಚೀನಾದ ದಾಲಿಗೆ ಹೋಗಬೇಕು ಅಂತ ಮಾತಾಡಿಕೊಂಡಿದ್ದರು. ಕೆಲಸ, ಕೆಲಸ ಅಂತ ಆಗಲೇ ಇಲ್ಲ. ಗೆಳತಿ ಹೋದ ಮೇಲೆ ಹೊಂಗ್‌ದೋ ಕೆಲಸ ಬಿಟ್ಟು ಒಬ್ಬಳೇ ಅಲ್ಲಿಗೆ ಹೋಗುತ್ತಾಳೆ. ಯುನ್‌ಮಿಯಾವ್ ಅನ್ನುವ ಹಳ್ಳಿಯಲ್ಲಿ, ಒಂದು ಅಂಗಳದ ಮನೆಯಲ್ಲಿ ಮೂರು ತಿಂಗಳಿಗೆ ಕೋಣೆ ಹಿಡಿಯುತ್ತಾಳೆ. ಬೀಜಿಂಗಿನ ಒಳ್ಳೆ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದಿರುವ ಶಿಯೆ ಝಿಯಾವ್ ಅಲ್ಲಿ ಸಿಗುತ್ತಾನೆ. ಅವಳ ಪಾತ್ರ ಲಿಯು ಯಿಫೇ ಅವರದು, ಅವನದು ಲಿ ಶಿಯಾನ್.

ನನಗೆ ಇದು ಯಾಕೆ ಇಷ್ಟು ತಟ್ಟಿತು ಅಂದರೆ, ಪ್ರೀತಿಯ ಕಥೆ ಅಂತ ಕೂತರೆ ಮೊದಲು ಸಾವಿನ ಕಥೆ ಬರುತ್ತದೆ. ಅದನ್ನು ಬೇಗ ಮುಗಿಸಿ ಹೀರೋನ ಕರೆತರುವ ಅವಸರ ಇಲ್ಲ. ಹೊಂಗ್‌ದೋ ಎಲ್ಲರ ಜೊತೆ ನಗುತ್ತಾಳೆ, ಉಣ್ಣುತ್ತಾಳೆ. ನಡುವೆ ಎಲ್ಲೋ ಒಮ್ಮೆ ಮುಖ ಸಪ್ಪೆ ಆಗುತ್ತದೆ. ಆಗ ಯಾರೂ 'ಏನಾಯ್ತು' ಅಂತ ಮೇಲೆ ಬೀಳುವುದಿಲ್ಲ.

ನನ್ನ ಗೆಳತಿ ಹೋಗಿ ಈಗ ಮೂರು ವರ್ಷ. ಕೊಡಚಾದ್ರಿಗೆ ಹೋಗಬೇಕು ಅಂತ ಐದಾರು ವರ್ಷ ಮಾತಾಡಿದ್ದೆವು. ಅವಳ ವಾಟ್ಸ್ಯಾಪ್ ಇನ್ನೂ ಅಳಿಸಿಲ್ಲ. ಅದರಲ್ಲಿ ನಾನು ಕಳಿಸಿದ ಕೊನೆಯ ಮಾತು 'ಮಳೆ ಹೊಳವಾಗಲಿ, ಹೋಗೋಣ' ಅಂತ. ಹಾಗಾಗಿ ಮೊದಲ ಎರಡು ಕಂತು ನೋಡುವಾಗ ನನಗೆ ನಡುನಡುವೆ ನಿಲ್ಲಿಸಬೇಕಾಯಿತು.

ಕೊರತೆಗಳೂ ಇವೆ. ಕೊನೆಯ ಹತ್ತು ಕಂತು ನನಗೆ ಭಾರ ಅನಿಸಿತು. ಪ್ರೀತಿ ಒಂದು ಕಡೆ ಉಳಿದು ಹೂಡಿಕೆ, ಯೋಜನೆ, ಮೀಟಿಂಗ್ ಅಂತ ಓಡುತ್ತದೆ. ಹಳ್ಳಿಯ ಜನ ಎಲ್ಲರೂ ಒಳ್ಳೆಯವರೇ. ನೀವೇನು ಹೇಳುತ್ತೀರಿ? ಕೊನೆಯನ್ನು ಮಾತ್ರ ಬಿಡಿಸಿ ಹೇಳಬೇಡಿ, ನೋಡುತ್ತಿರುವವರು ಇರಬಹುದು.

ಮೂರನೇ ಸಾಲು
ನಾನು 8ನೇ ಕಂತಿಗೆ ಬಿಟ್ಟೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮಾತು ಓದಿ ಗಂಟಲು ಕಟ್ಟಿತು. ಆದರೆ ನೋಡುವವನಿಗೆ ಮುಂದೆ ಏನಾಗುತ್ತೋ ಅನ್ನುವ ಕುತೂಹಲ ಇರಬೇಕಲ್ವಾ? ಎದ್ದರು, ತಿಂಡಿ ತಿಂದರು, ಊರು ಸುತ್ತಿದರು, ಟೀ ಕುಡಿದರು, ಮಲಗಿದರು. ಎಂಟು ಕಂತು ಅಂದರೆ ನನ್ನ ಆರು ಗಂಟೆ. ಅಷ್ಟರಲ್ಲಿ ಇಬ್ಬರ ನಡುವೆ ಪ್ರೀತಿಯ ಸುಳಿವೇ ಇಲ್ಲ.

ನನ್ನ ದೊಡ್ಡ ತಕರಾರು ಝಿಯಾವ್ ಮೇಲೆ. ಅವನಿಗೆ ಸಿಟ್ಟು ಬರಲ್ಲ, ಸುಳ್ಳು ಹೇಳಲ್ಲ, ಸ್ವಾರ್ಥ ಇಲ್ಲ. ಊರಲ್ಲಿ ಯಾರಿಗೆ ಏನು ಕಷ್ಟ ಬಂದರೂ ಓಡುತ್ತಾನೆ. ಇಂಥವನನ್ನು ಪ್ರೀತಿಸಲು ಹುಡುಗಿ ಏನು ಕಷ್ಟಪಡಬೇಕು? ಎದುರಿಗೆ ಒಂದು ಕೊರತೆ ಇದ್ದಾಗಲೇ ಪ್ರೀತಿಗೆ ತೂಕ ಬರೋದು.

ಅಡುಗೆಮನೆ ರೇಡಿಯೋ
ನಾನು ಇದನ್ನು ಅಮ್ಮನ ಜೊತೆ ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ಕಂತು ಆದ ಮೇಲೆ ಹೇಳುವುದೇ ಬೇಕಾಗಲಿಲ್ಲ. ಮುಖ ನೋಡಿಯೇ ಅವರಿಗೆ ಅರ್ಥ ಆಗುತ್ತಿತ್ತು. 'ಈ ಮಂದಿ ಯಾವಾಗ ನೋಡಿದರೂ ಒಟ್ಟಿಗೆ ಕೂತು ಉಣ್ಣುತ್ತಾರೆ ನೋಡು' ಅಂತ ಸಂತೋಷಪಡುತ್ತಿದ್ದರು.

ಅಮ್ಮನಿಗೆ ತುಂಬ ಹಿಡಿಸಿದ್ದು ಝಿಯಾವ್ ಅಜ್ಜಿ. ಆ ಪಾತ್ರ ಮಾಡಿದವರು ವು ಯಾನ್‌ಶು, ಎಂಬತ್ತು ದಾಟಿದವರು. ಕಣ್ಣಿನಲ್ಲಿ ಎಷ್ಟು ಕಳೆ! ಅವರು ಹೊಂಗ್‌ದೋ ಕಡೆ ನೋಡುವ ರೀತಿಯಲ್ಲೇ 'ಈ ಹುಡುಗಿ ನಮ್ಮ ಮನೆಗೆ ಬಂದರೆ ಚೆನ್ನ' ಅನ್ನುವುದು ಗೊತ್ತಾಗುತ್ತದೆ. ಹಾಗಂತ ಎಲ್ಲೂ ಒತ್ತಾಯ ಇಲ್ಲ.

ಮೂರನೇ ಸಾಲು ಅವರೇ, ಚೀನೀ ಧಾರಾವಾಹಿಗಳಲ್ಲಿ ನಾವು ಎಷ್ಟು ನೋಡಿಲ್ಲ ಹೇಳಿ, ಹುಡುಗ ಹುಡುಗಿಯ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗೋದು, ಗೋಡೆಗೆ ಒತ್ತಿ ನಿಲ್ಲಿಸೋದು. ದುಡ್ಡಿರುವ ಕಂಪನಿ ಮಾಲೀಕ, ಎಡವಿ ಬೀಳುವ ಹುಡುಗಿ. ಇಲ್ಲಿ ಅದು ಒಂದೂ ಇಲ್ಲ. ಅವಳಿಗೆ ಮೂವತ್ತು ದಾಟಿದೆ. ತನ್ನ ಕಾಲ ಮೇಲೆ ನಿಂತವಳು. ಇದನ್ನು ಅಮ್ಮನ ಜೊತೆ ಮುಜುಗರ ಇಲ್ಲದೆ ನೋಡಬಹುದು ಅನ್ನುವುದೇ ನನಗೆ ದೊಡ್ಡ ಸಂಗತಿ.

ರಾತ್ರಿ ಪಾಳಿ
ಬೆಂಗಳೂರಿನ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸ್ ಕೆಲಸ ನನ್ನದು, ಒಂಬತ್ತು ವರ್ಷ ಆಯ್ತು. ಹೊಂಗ್‌ದೋ ಮಾಡುವುದೂ ಅದೇ ಕೆಲಸ. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ಮುಖ ನಮ್ಮದಲ್ಲ. ಗೆಸ್ಟ್ ಬೈಯುತ್ತಿದ್ದರೂ ಬೆನ್ನು ನೆಟ್ಟಗಿರಬೇಕು, ಎರಡು ಕೈ ಮುಂದೆ ಕಟ್ಟಿಕೊಂಡಿರಬೇಕು, ದನಿ ಏರಬಾರದು. ಹತ್ತು ಗಂಟೆ ಹಾಗೆ ನಿಂತು ಮನೆಗೆ ಬಂದರೆ, ಬಾಗಿಲು ಹಾಕಿದ ಮೇಲೂ ಮುಖ ಸಡಿಲ ಆಗುವುದಿಲ್ಲ. ಲಿಯು ಯಿಫೇ ಇದನ್ನು ಹಿಡಿದಿದ್ದಾರೆ. ಬೀಜಿಂಗ್ ಭಾಗದಲ್ಲಿ ಅವರ ನಡಿಗೆ ನೋಡಿ, ಹಳ್ಳಿಗೆ ಬಂದು ಕೆಲವು ಕಂತು ಆದ ಮೇಲೆ ನಡಿಗೆ ನೋಡಿ. ಭುಜ ಇಳಿದಿರುತ್ತದೆ. ಜನ ಅವರ ಚೆಂದ ನೋಡುತ್ತಾರೆ, ಈ ಭುಜ ನೋಡುವುದಿಲ್ಲ.

ನಮ್ಮ ಅಜ್ಜಿ ತೀರಿಕೊಂಡ ದಿನ ನನಗೆ ರಜೆ ಸಿಗಲಿಲ್ಲ. ಆಗ ಇದ್ದದ್ದು ಬೇರೆ ಹೋಟೆಲು. ಮದುವೆ ಸೀಸನ್, 'ನಾಳೆ ಬೆಳಿಗ್ಗೆ ಹೋಗಿ' ಅಂದರು. ಬೆಳಿಗ್ಗೆ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ರಾತ್ರಿ ನಾನು ಎಷ್ಟು ಜನಕ್ಕೆ 'ವೆಲ್‌ಕಮ್ ಸರ್' ಅಂದೆ ಅನ್ನುವುದು ಈಗಲೂ ನೆನಪಾಗುತ್ತದೆ. ಹೊಂಗ್‌ದೋ ಕೆಲಸ ಬಿಟ್ಟದ್ದು ನೋಡಿ ಕೆಲವರು 'ದುಡ್ಡಿದ್ದವರ ಆಟ' ಅಂದದ್ದು ಕೇಳಿದ್ದೇನೆ. ಹಾಗನ್ನಬೇಡಿ ದಯವಿಟ್ಟು. ಹತ್ತು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಮೂರು ತಿಂಗಳು ಸುಮ್ನೆ ಕೂರುವುದು ಅವಳ ಹಕ್ಕು.

ಕಾಫಿ ಹೂ
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಮೂಡಿಗೆರೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ. ನಾಲ್ಕು ಕೋಣೆ. ನನ್ನ ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ಇದು ನನ್ನ ಪಾಲು.

ಆ ಧಾರಾವಾಹಿಯ ಅಂಗಳದ ಮನೆ ನೋಡಿ ನನಗೆ ಆಸೆಯೂ ಆಯ್ತು, ಸಿಟ್ಟೂ ಬಂತು. ಅಲ್ಲಿ ಅಷ್ಟೊಂದು ಜನ ಇದ್ದಾರೆ. ಹೊಂಗ್‌ದೋ, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ನಾನಾ, ಕೋಣೆಯಿಂದ ಹೊರಗೇ ಬಾರದೆ ಇಂಟರ್ನೆಟ್‌ಗೆ ಕಾದಂಬರಿ ಬರೆಯುವ ದಾಮಾಯ್, ಅವಳಿಗೆ ಜೊತೆಯಾಗುವ ಹೂ ಯೋಯು, ಧ್ಯಾನ ಮಾಡುತ್ತಾ ಕೂರುವ ಮಾ. ಇವರ ಹಾಸಿಗೆ ಬಟ್ಟೆ ಯಾರು ಒಗೆಯುತ್ತಾರೆ? ಜುಲೈಯಲ್ಲಿ ನಮ್ಮಲ್ಲಿ ಬೆಡ್‌ಶೀಟ್ ನಾಲ್ಕು ದಿನ ಆದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇನೆ. ಒಣಗುತ್ತದೆ, ಆದರೆ ಹೊಗೆ ವಾಸನೆ. ಬಂದವರು ಮೂಗು ಮುಚ್ಚಿಕೊಂಡಾಗ ಮತ್ತೆ ಒಗೆಯಬೇಕು. ಕರೆಂಟ್ ಹೋದರೆ ಬೋರ್ ಇಲ್ಲ, ಬೋರ್ ಇಲ್ಲದಿದ್ದರೆ ಕೊಡ ಹೊರಬೇಕು. ಆ ಹಳ್ಳಿಯಲ್ಲಿ ಯಾರ ಕಾಲಿಗೂ ಕೆಸರು ಮೆತ್ತಿದ್ದು ನಾನು ನೋಡಲಿಲ್ಲ.

ಹಳ್ಳಿ ಅಂದರೆ ಪೇಟೆಯವರ ಮನಸ್ಸು ವಾಸಿ ಮಾಡುವ ಔಷಧ ಅನ್ನುವ ಹಾಗೆ ತೋರಿಸಿದಾಗ ನನಗೆ ನೋವಾಗುತ್ತದೆ. ನಮ್ಮ ಮನಸ್ಸಿಗೆ ಬೇಜಾರಾದರೆ ನಾವು ಎಲ್ಲಿಗೆ ಹೋಗಬೇಕು?

ಒಂದು ವಿಷಯ ಮಾತ್ರ ಸರಿಯಾಗಿ ತೋರಿಸಿದ್ದಾರೆ. ಮರದ ಕೆತ್ತನೆ ಕಲಿಯುತ್ತಿರುವ ಹುಡುಗ ಅದನ್ನು ಬಿಟ್ಟು ಪೇಟೆಗೆ ಹೋಗಬೇಕು ಅಂತ ಹಟ ಮಾಡುವುದು. ಗುರುವಿಗೆ ಕೋಪ, ತಾಯಿಗೆ ಸಂಕಟ, ಹುಡುಗನಿಗೆ ತನ್ನ ವಯಸ್ಸಿನವರೆಲ್ಲ ಹೋದರಲ್ಲ ಅನ್ನುವ ಚಡಪಡಿಕೆ. ನಮ್ಮೂರಿನ ಪ್ರತಿ ಮನೆಯಲ್ಲೂ ಇದು ಆಗಿದೆ. ಅಲ್ಲಿ ಯಾರದ್ದೂ ತಪ್ಪು ಅಂತ ತೋರಿಸಲಿಲ್ಲ, ಅದು ನನಗೆ ಮೆಚ್ಚುಗೆ ಆಯ್ತು.

ವಸಂತನಗರಿ
ನಾನು ಕುನ್ಮಿಂಗ್‌ನಲ್ಲಿ ಮೆಡಿಕಲ್ ಓದಿದವನು, ಊರು ದಾವಣಗೆರೆ. ಕುನ್ಮಿಂಗ್ ಯುನಾನ್ ಪ್ರಾಂತ್ಯದ ರಾಜಧಾನಿ, ದಾಲಿಯೂ ಅದೇ ಪ್ರಾಂತ್ಯ. 2018ರಲ್ಲಿ ವೇಗದ ರೈಲು ಶುರುವಾದ ಮೇಲೆ ಎರಡು ಗಂಟೆಯ ದಾರಿ. ಮೂರು ಸಲ ಹೋಗಿದ್ದೇನೆ, ಅದಕ್ಕೆ ಕೆಲವು ಸಂಗತಿ ಹೇಳಬಹುದು.

ಯುನ್‌ಮಿಯಾವ್ ಅನ್ನುವ ಹೆಸರು ಕಲ್ಪನೆ. ಶೂಟಿಂಗ್ ಹೆಚ್ಚಾಗಿ ಆಗಿದ್ದು ಫೆಂಗ್‌ಯಾಂಗ್‌ಯಿ ಅನ್ನುವ ಹಳ್ಳಿಯಲ್ಲಿ. ದಾಲಿ ಹಳೇ ಪಟ್ಟಣಕ್ಕೆ ಹತ್ತಿರ, ತ್ಸಾಂಗ್‌ಶಾನ್ ಬೆಟ್ಟದ ಬುಡದಲ್ಲಿದೆ. ಟಿಬೆಟ್ ಕಡೆಗೆ ಕುದುರೆಗಳ ಮೇಲೆ ಚಹಾ ಹೊತ್ತು ಹೋಗುತ್ತಿದ್ದ ಹಳೇ ದಾರಿಯ ಕಲ್ಲುಹಾಸು ಆ ಊರಿನಲ್ಲಿ ಇನ್ನೂ ಇದೆ. ಒಂದು ಕಡೆ 4000 ಮೀಟರ್ ದಾಟುವ ಬೆಟ್ಟ, ಇನ್ನೊಂದು ಕಡೆ ಎರ್‌ಹಾಯ್ ಸರೋವರ, ನಡುವೆ ಗದ್ದೆ. ಗಾಳಿ ನಿಲ್ಲುವುದೇ ಇಲ್ಲ. ಶಿಯಾಗುವಾನ್ ಗಾಳಿ, ಶಾಂಗ್‌ಗುವಾನ್ ಹೂವು, ತ್ಸಾಂಗ್‌ಶಾನ್ ಹಿಮ, ಎರ್‌ಹಾಯ್ ಚಂದ್ರ ಅಂತ ಅಲ್ಲಿ ನಾಲ್ಕು ಚೆಲುವನ್ನು ಒಟ್ಟಿಗೆ ಹೇಳುತ್ತಾರೆ. ಧಾರಾವಾಹಿಯ ಹೆಸರಿನಲ್ಲಿ ಗಾಳಿ ಬಂದದ್ದು ಸುಮ್ನೆ ಅಲ್ಲ.

ಅಲ್ಲಿನವರು ಬಾಯ್ ಸಮುದಾಯದ ಜನ. ಬಾಯ್ ಅಂದರೆ ಬಿಳಿ. ಮನೆಗಳಿಗೂ ಬಿಳಿ ಗೋಡೆ. ಮೂರು ಕಡೆ ಮನೆ, ನಾಲ್ಕನೇ ಕಡೆ ಬಿಸಿಲನ್ನು ಒಳಗೆ ಎಸೆಯುವ ಒಂದು ಬಿಳಿ ಅಡ್ಡಗೋಡೆ, ನಡುವೆ ಅಂಗಳ. ಮಧ್ಯಾಹ್ನ ಆದ ಮೇಲೆ ಅಂಗಳದಲ್ಲಿ ಎಲ್ಲರ ಮುಖ ಹೊಳೆಯುತ್ತದಲ್ಲ, ಅದು ಬರೀ ಕ್ಯಾಮೆರಾ ಲೈಟ್ ಅಲ್ಲ. ಅಂಥ ಅಂಗಳದಲ್ಲಿ ನಾನೂ ಕೂತಿದ್ದೇನೆ.

ಇನ್ನೊಂದು, ಹಾಲು. ಚೀನಾದ ಬಹುಪಾಲು ಕಡೆ ಹಳೇ ಅಡುಗೆಯಲ್ಲಿ ಹಾಲಿನ ಪದಾರ್ಥ ಕಡಿಮೆ. ಬಾಯ್ ಜನ ಮಾತ್ರ ಹಾಲು ಒಡೆಸಿ 'ರುಶಾನ್' ಅನ್ನುವ ಚೀಸ್ ಮಾಡುತ್ತಾರೆ. ಬಿಸಿ ಇರುವಾಗಲೇ ಆ ಒಡೆದ ಹಾಲಿನ ಮುದ್ದೆಯನ್ನು ಕೈಯಲ್ಲಿ ಎಳೆದೆಳೆದು ತೆಳ್ಳಗೆ ಮಾಡಿ, ಬಿದಿರು ಗಳುಗಳ ಮೇಲೆ ಸುತ್ತಿ ಒಣಗಿಸುತ್ತಾರೆ. ಆಮೇಲೆ ಕೆಂಡದ ಮೇಲೆ ಸುಟ್ಟು, ಗುಲಾಬಿ ಪಾಕ ಸವರಿ, ಕಡ್ಡಿಗೆ ಸುತ್ತಿ ಕೊಡುತ್ತಾರೆ. ಅನ್ನ, ಮೊಸರು ಬಿಟ್ಟು ಬಂದಿದ್ದ ನನಗೆ ಮೊದಲ ಸಲ ಅದರ ವಾಸನೆ ಬಂದಾಗ ಮನೆ ನೆನಪಾಗಿ ಬೀದಿಯಲ್ಲೇ ನಿಂತುಬಿಟ್ಟೆ.

ತುಂಗಾ ತೀರ
ವಸಂತನಗರಿ ಅವರೇ, ತುಂಬ ಥ್ಯಾಂಕ್ಸ್. ಅಡ್ಡಗೋಡೆ ವಿಷಯ ಗೊತ್ತಿರಲಿಲ್ಲ. ಅವರ ಹೆಸರುಗಳಿಗೆ ಏನಾದರೂ ಅರ್ಥ ಇದೆಯಾ?

ವಸಂತನಗರಿ
ಇದೆ. ಹೊಂಗ್‌ದೋ ಅಂದರೆ ಕೆಂಪು ಕಾಳು. ನಾನ್‌ಶಿಂಗ್‌ನಲ್ಲಿ ನಾನ್ ಅಂದರೆ ದಕ್ಷಿಣ, ಶಿಂಗ್ ಅಂದರೆ ನಕ್ಷತ್ರ. ಟಾಂಗ್ ಕಾಲದ ಕವಿ ವಾಂಗ್ ವೇ ಬರೆದ ಚಿಕ್ಕ ಪದ್ಯ ಒಂದಿದೆ, ಚೀನಾದ ಶಾಲೆ ಮಕ್ಕಳಿಗೆಲ್ಲ ಬಾಯಿಪಾಠ. ಕೆಂಪು ಕಾಳು ದಕ್ಷಿಣ ದೇಶದಲ್ಲಿ ಬೆಳೆಯುತ್ತದೆ ಅಂತ ಅದು ಶುರುವಾಗುತ್ತದೆ. ದೂರ ಇರುವವರ ನೆನಪಿಗೆ ಆ ಕಾಳು ಗುರುತು. ಇಬ್ಬರ ಹೆಸರನ್ನು ಒಟ್ಟಿಗೆ ಕೇಳಿದರೆ ಚೀನಾದವರಿಗೆ ಆ ಸಾಲು ಹೊಳೆಯುತ್ತದೆ. ಒಬ್ಬಳು ಹೋದಳು, ಇನ್ನೊಬ್ಬಳು ದಕ್ಷಿಣಕ್ಕೆ ಬಂದಳು.

ಚೀನೀ ಭಾಷೆಯಲ್ಲಿ ನಮ್ಮ ಗುಲಗಂಜಿಗೆ 'ಶಿಯಾಂಗ್‌ಸಿ ಕಾಳು' ಅನ್ನುತ್ತಾರೆ. ಶಿಯಾಂಗ್‌ಸಿ ಅಂದರೆ ಒಬ್ಬರನ್ನೊಬ್ಬರು ನೆನೆದು ಹಂಬಲಿಸುವುದು.

ತುಂಗಾ ತೀರ
ಚಿಕ್ಕವರಿದ್ದಾಗ ನಾನೂ ಅವಳೂ ಗುಲಗಂಜಿ ಆರಿಸಿ ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದೆವು. ಈಗ ಇನ್ನೇನೂ ಬರೆಯಲು ಆಗುತ್ತಿಲ್ಲ. ನಾಳೆ ಬರುತ್ತೇನೆ.

ಕಾಫಿ ಹೂ
ಸಮಾಧಾನ ಮಾಡಿಕೊಳ್ಳಿ ತಂಗಿ.

ವಸಂತನಗರಿ ಅವರಿಗೆ ಒಂದು ಪ್ರಶ್ನೆ. ಧಾರಾವಾಹಿ ಬಂದ ಮೇಲೆ ಆ ಹಳ್ಳಿ ಏನಾಯ್ತು?

ವಸಂತನಗರಿ
ಜನ ಮುಗಿಬಿದ್ದರು. ಕೋವಿಡ್ ನಿರ್ಬಂಧ ತೆಗೆದದ್ದು 2022ರ ಡಿಸೆಂಬರ್‌ನಲ್ಲಿ, ಇದು ಬಂದದ್ದು ಮರು ತಿಂಗಳು. ಮೂರು ವರ್ಷ ಮನೆಯಲ್ಲಿ ಕೂತಿದ್ದ ಜನ. ಚೀನೀ ಹೊಸ ವರ್ಷದ ಆ ರಜೆಯಲ್ಲಿ ದಾಲಿ ಭಾಗಕ್ಕೆ 40 ಲಕ್ಷಕ್ಕೂ ಜಾಸ್ತಿ ಪ್ರವಾಸಿಗರು ಬಂದರು. ಧಾರಾವಾಹಿಯ ಅಂಗಳದ ಮನೆ ಮುಂದೆ ಫೋಟೋಗೆ ಸಾಲು. ಸುಮ್ಮನಿದ್ದ ಹಳ್ಳಿಯಲ್ಲಿ ಕಾಫಿ ಅಂಗಡಿ, ತಂಗುವ ಮನೆಗಳು ಎದ್ದವು.

ಕೊನೆಯ ಹತ್ತು ಕಂತು ಯಾಕೆ ಹಾಗೆ ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಹಳ್ಳಿಗಳಿಗೆ ಮತ್ತೆ ಜೀವ ತುಂಬಬೇಕು ಅನ್ನುವುದು 2017ರಿಂದ ಅಲ್ಲಿನ ಸರ್ಕಾರದ ದೊಡ್ಡ ನೀತಿ. ಪೇಟೆಗೆ ಹೋದ ಯುವಕರು ವಾಪಸ್ ಬಂದು ಉದ್ಯಮ ಕಟ್ಟಬೇಕು, ಕರಕುಶಲ ಉಳಿಸಬೇಕು. ಝಿಯಾವ್ ಆ ನೀತಿಗೆ ಅಳತೆ ತೆಗೆದು ಹೊಲಿದ ಹಾಗಿದ್ದಾನೆ. ಮೂರನೇ ಸಾಲು ಅವರು ಹೇಳಿದ 'ಕೊರತೆಯೇ ಇಲ್ಲದವನು' ಅನ್ನುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಮಾದರಿ ಯುವಕನಿಗೆ ಕೊರತೆ ಇಡಲು ಬರೆಯುವವರಿಗೂ ಕೈ ಬರುವುದಿಲ್ಲ.

ಮೂರನೇ ಸಾಲು
ಇದು ಒಪ್ಪುವ ಮಾತು. ಕಂತುಗಳ ಲೆಕ್ಕವೂ ಗಮನಿಸಿ. 40 ಕಂತು ದಾಟಬಾರದು, 30ರ ಒಳಗಿದ್ದರೆ ಒಳ್ಳೆಯದು ಅಂತ 2020ರಲ್ಲಿ ಅಲ್ಲಿನ ಪ್ರಸಾರ ಇಲಾಖೆ ಸೂಚನೆ ಕೊಟ್ಟಿತ್ತು. ಇದು ಸರಿಯಾಗಿ 40ಕ್ಕೆ ಬಂದು ನಿಂತಿದೆ. 28ಕ್ಕೆ ಮುಗಿಸಿದ್ದರೆ ನಾನೂ ನೋಡುತ್ತಿದ್ದೆನೇನೋ.

ಕಾಫಿ ಹೂ
ಕಾಫಿ ಅಂಗಡಿ ಅಂದಿರಲ್ಲ, ಚೀನಾದ ಕಾಫಿ ಹೆಚ್ಚು ಕಡಿಮೆ ಎಲ್ಲ ಬೆಳೆಯುವುದು ಯುನಾನ್‌ನಲ್ಲೇ. ಅಲ್ಲಿ ಜಾಸ್ತಿ ಇರುವುದು ಕ್ಯಾಟಿಮೋರ್ ತಳಿ. ನಮ್ಮಲ್ಲಿ ಕಾವೇರಿ ಅನ್ನುತ್ತೇವಲ್ಲ, ಅದರದೇ ಬಳಗ. ನಾನಾ ಅನ್ನುವ ಆ ಹುಡುಗಿ ಕಾಫಿ ಮಾಡುವಾಗ ನನ್ನ ಕಣ್ಣು ಬೀಜದ ಮೇಲೆ. ಆ ಹುಡುಗಿಯ ಕಥೆಯನ್ನು ಇನ್ನೂ ಬೆಳೆಸಬೇಕಿತ್ತು. ಇಂಟರ್ನೆಟ್‌ನಲ್ಲಿ ಜನ ಬಾಯಿಗೆ ಬಂದಂತೆ ಆಡಿಕೊಂಡಿದ್ದಕ್ಕೆ ಹೆಸರು ಮುಚ್ಚಿಟ್ಟುಕೊಂಡು ಬಂದು ಕೂತಿದ್ದಾಳೆ. ಹೀರೋ ಹೀರೋಯಿನ್‌ಗಿಂತ ಅವಳ ನೋವೇ ನನಗೆ ನಿಜ ಅನಿಸಿತು.

ರಾತ್ರಿ ಪಾಳಿ
ಹೌದು ಅಕ್ಕ. ಇನ್ನೊಂದು ಮಾತು. ನಿಮ್ಮ ಬೆಡ್‌ಶೀಟ್ ಪ್ರಶ್ನೆ ಹೊಂಗ್‌ದೋ ಮನಸ್ಸಿಗೂ ಬರುತ್ತದೆ. ಹೋಟೆಲಿನ ಕಣ್ಣು ಅವಳನ್ನು ಬಿಟ್ಟಿರುವುದಿಲ್ಲ. ಕೋಣೆ ಹೇಗಿರಬೇಕು, ಬಂದವರನ್ನು ಹೇಗೆ ಮಾತಾಡಿಸಬೇಕು ಅಂತ ಮೆಲ್ಲಗೆ ಕೈ ಹಾಕುತ್ತಾಳೆ. ಝಿಯಾವ್ ಅವಳನ್ನು ಮೆಚ್ಚುವುದೂ ಅದಕ್ಕೇ. ಬರೀ ಚೆಂದ ನೋಡಿ ಅಲ್ಲ, ಅವಳ ಕೆಲಸ ನೋಡಿ. ತಾನು ಹತ್ತು ವರ್ಷ ಬೆವರು ಸುರಿಸಿ ಕಲಿತದ್ದನ್ನು ಒಬ್ಬ ಗಮನಿಸಿ ಗೌರವ ಕೊಡುತ್ತಾನಲ್ಲ, ಅದಕ್ಕಿಂತ ದೊಡ್ಡ ಪ್ರೀತಿಯ ಮಾತು ನನಗೆ ಗೊತ್ತಿಲ್ಲ.

ಅಡುಗೆಮನೆ ರೇಡಿಯೋ
ಆ ಹಳ್ಳಿಯ ಫೆಂಗ್ ಚಿಕ್ಕಮ್ಮನ ಹೂವಿನ ಕೇಕ್ ಬಗ್ಗೆ ಯಾರೂ ಹೇಳಲೇ ಇಲ್ಲ! ಗುಲಾಬಿ ಎಸಳು, ಸಕ್ಕರೆ ಹಾಕಿ ಹೂರಣ ಮಾಡಿ ಒಳಗೆ ತುಂಬುತ್ತಾರೆ. ಅಮ್ಮ 'ಇದು ನಮ್ಮ ಗುಲ್ಕಂದ್ ಇಟ್ಟ ಹೋಳಿಗೆ ಹಾಗಿದೆ' ಅಂದರು. ಮಾರನೇ ಭಾನುವಾರ ಮಾಡಿಯೂ ನೋಡಿದೆವು. ಗುಲ್ಕಂದ್ ಬಿಸಿಗೆ ಕರಗಿ ಹೆಂಚಿನ ಮೇಲೆಲ್ಲ ಹರಿಯಿತು. ಎರಡನೇ ಸಲ ಹುರಿಗಡಲೆ ಹಿಟ್ಟು ಸೇರಿಸಿದ ಮೇಲೆ ನಿಂತಿತು. ತುಂಬ ರುಚಿ.

ತುಂಗಾ ತೀರ
ಮತ್ತೆ ಬಂದೆ. ಎಲ್ಲರ ಮಾತೂ ಓದಿದೆ.

ಕಾಫಿ ಹೂ ಅಕ್ಕ, ನೀವು ಕೇಳಿದ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿತ್ತು. ಪೇಟೆಯಿಂದ ಹೋದವಳ ಕಣ್ಣಿನಿಂದ ಮಾತ್ರ ಹಳ್ಳಿ ಕಾಣುತ್ತದೆ, ಅದು ಈ ಧಾರಾವಾಹಿಯ ನಿಜವಾದ ಕೊರತೆ. ನಾನು ಶುರುವಿನಲ್ಲಿ 'ಎಲ್ಲರೂ ಒಳ್ಳೆಯವರೇ' ಅಂತ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೆ. ನೀವು ಹೇಳಿದ ಮೇಲೆ ಅದರ ಆಳ ತಿಳಿಯಿತು.

ಆದರೆ ಮೂರನೇ ಸಾಲು ಅವರೇ, ನಿಧಾನದ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಆತ್ಮೀಯರು ಹೋದ ಮೇಲೆ ಮನಸ್ಸು ಎಂಟು ಕಂತಿನಲ್ಲಿ ತೆರೆದುಕೊಳ್ಳುವುದಿಲ್ಲ. ಅವಳು ಅವನ ಪಕ್ಕ ಸುಮ್ನೆ ನಡೆಯುತ್ತಾಳಲ್ಲ, ಗದ್ದೆ ಬದಿಯಲ್ಲಿ, ಇಬ್ಬರ ನಡುವೆ ಒಂದು ಮೊಳ ಜಾಗ ಇಟ್ಟುಕೊಂಡು. ಆ ಜಾಗ ಎಷ್ಟೋ ಕಂತು ಹಾಗೇ ಇರುತ್ತದೆ. ಅವನು ಅದನ್ನು ತುಂಬಲು ಹೋಗುವುದಿಲ್ಲ. ನೀವು ಕೊರತೆ ಇಲ್ಲದವನು ಅಂದಿರಿ. ನನಗೆ ಅವನು ಕಾಯಲು ಗೊತ್ತಿರುವವನು. 28 ಕಂತಿಗೆ ಮುಗಿಸುವುದಾದರೆ ಕತ್ತರಿಸಬೇಕಾದ್ದು ಕೊನೆಯನ್ನು, ಈ ನಡಿಗೆಯನ್ನಲ್ಲ.

ಮೂರನೇ ಸಾಲು
ಸರಿ, ನಿಮ್ಮ ಮಾತಿಗೆ 9ನೇ ಕಂತು ಹಾಕುತ್ತೇನೆ. ಆ ಒಂದು ಮೊಳ ಜಾಗ ನೋಡುತ್ತೇನೆ. 15 ಮುಗಿದ ಮೇಲೆ ಬಂದು ಹೇಳುತ್ತೇನೆ.

ಕಾಫಿ ಹೂ
ತಂಗಿ, ಕೊಡಚಾದ್ರಿಗೆ ಹೋಗುವ ಮನಸ್ಸಾದರೆ ಅಕ್ಟೋಬರ್ ಕೊನೆಗೆ ಹೋಗಿ, ಮಳೆ ಹೊಳವಾಗಿರುತ್ತದೆ. ಒಬ್ಬರೇ ಹೋಗುವುದು ಬೇಡ ಅನಿಸಿದರೆ ಇಲ್ಲಿ ಒಂದು ಮಾತು ಹಾಕಿ. ಕೊಯ್ಲು ಶುರುವಾಗುವ ಮೊದಲು ನನಗೂ ಎರಡು ದಿನ ಬಿಡುವಿರುತ್ತದೆ.